ಎಂಜಿನ್ ಉಂಟು, ಗಾಡಿ ಇಲ್ಲ

ನನ್ನ ತಮ್ಮ ಗಲ್ಫಿನ ಕೆಲಸ ಬಿಟ್ಟು ಬಂದ ವರ್ಷ, ನಮ್ಮೂರ ಹತ್ತಿರದ ಅನಂತಪುರದ ಕೈಗಾರಿಕಾ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಅವನಿಗೆ ಸಾಮಾನು ಸಾಗಿಸುವ ಕೆಲಸ ಸಿಗುವುದಿತ್ತು. ಸ್ವಂತ ಪಿಕಪ್ ಇರಬೇಕು, ಸೋಮವಾರದೊಳಗೆ ತಂದು ತೋರಿಸಬೇಕು ಎಂದಿದ್ದರು. ಹೊಸದು ಅವನ ಕೈಗೆ ಎಟುಕುವಂಥದ್ದಲ್ಲ. ಹಳೆಯ ಡೀಸೆಲ್ ಗಾಡಿಯೇ ಆಗಬೇಕು, ಅದನ್ನು ನಾನು ನೋಡಿ ಹೇಳಬೇಕು ಎಂದಾಯಿತು. ನಾನು ಶಾಲಾ ಮಾಸ್ತರ. ಗಾಡಿಯ ವಿದ್ಯೆ ನನ್ನದಲ್ಲ. ಆದರೆ ಯಾವುದನ್ನೂ ಪುಸ್ತಕದಲ್ಲಿ ಬರೆದುಕೊಳ್ಳದೆ ಬಿಡುವವನಲ್ಲ ಎಂಬ ಹೆಸರು ಮನೆಯಲ್ಲಿತ್ತು.

ನಮ್ಮ ಕಡಲ ಬದಿಯವರಿಗೆ ಹಳೆ ಗಾಡಿಯ ವಿಷಯದಲ್ಲಿ ಒಂದು ನಿಯಮವಿದೆ. ಕಡಲ ಬದಿಯ ಗಾಡಿ ಕೊಳ್ಳಬಾರದು, ಉಪ್ಪು ಗಾಳಿ ಅದರ ಕಬ್ಬಿಣವನ್ನು ತಿಂದಿರುತ್ತದೆ. ಮೂಡಲಿಗೆ ಹೋಗಬೇಕು, ಮೀಂಜಕ್ಕೋ ದೇಲಂಪಾಡಿಗೋ, ತೋಟದವರ ಮನೆಗೆ. ಅಡಿಕೆ ಗೋಣಿ, ಗೊಬ್ಬರ ಬಿಟ್ಟರೆ ಬೇರೆ ಭಾರವನ್ನು ಆ ಗಾಡಿಗಳು ಕಂಡಿರುವುದಿಲ್ಲ. ಈ ನಿಯಮವನ್ನು ನಾನೂ ಪೂರ್ತಿ ನಂಬಿದ್ದೆ.

ಆ ಶನಿವಾರ ಬೆಳಿಗ್ಗೆ ಮೀಂಜದ ಒಬ್ಬ ತೋಟದವರ ಅಂಗಳದಲ್ಲಿ ನಿಂತಿದ್ದೆವು. ನಾವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದೆ. ಬೋನೆಟ್ ಎತ್ತಿ ಎಂಜಿನ್ನಿನ ಮೇಲೆ ಅಂಗೈ ಇಟ್ಟೆ. ಬಾವಿಕಟ್ಟೆಯಂತೆ ತಣ್ಣಗಿತ್ತು. ತಮ್ಮ ಕೀಲಿ ತಿರುಗಿಸಿದ. ಮೊದಲ ತಿರುವಿಗೇ ಹಿಡಿಯಿತು. ಹೊಗೆ ಸ್ವಲ್ಪ ಬಿಳಿ, ಅರೆ ನಿಮಿಷದಲ್ಲಿ ಅದೂ ಇಲ್ಲ. ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಅದೇ ತೂತಿನ ಮೇಲೆ ಮಗುಚಿ ಇಟ್ಟೆ. ಎಂಜಿನ್ ಸವೆದಿದ್ದರೆ ಒಳಗಿನ ಒತ್ತಡಕ್ಕೆ ಮುಚ್ಚಳ ಕುಣಿಯುತ್ತದೆ ಎಂದು ಓದಿದ್ದೆ. ಅದು ಅಲುಗಲಿಲ್ಲ. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಪೊರೆ ಇರಲಿಲ್ಲ. ಕ್ಲಚ್, ಗೇರು, ಬ್ರೇಕು, ಎಲ್ಲದರ ಮುಂದೆಯೂ ಪುಸ್ತಕದಲ್ಲಿ ಸರಿ ಎಂದು ಗುರುತು ಹಾಕಿದೆ. ಆರ್.ಸಿ. ನೋಡಿ ‘ಎರಡನೇ ಮಾಲಕ’ ಎಂದೂ ಬರೆದುಕೊಂಡೆ. ಮೊದಲನೆಯವರು ಯಾರು ಎಂದು ಮಾತ್ರ ಕೇಳಲಿಲ್ಲ.

“ತೆಗೊಳ್ಳುವ,” ಎಂದೆ.

ತಮ್ಮನಿಗೆ ಅಷ್ಟೇ ಬೇಕಿತ್ತು. ಅನಂತಪುರದ ಮೆಕ್ಯಾನಿಕ್ಕಿಗೆ ತೋರಿಸುವುದೊಂದು ಉಳಿದಿತ್ತು. ಮದುವೆ ನಿಶ್ಚಯವಾದ ಮೇಲೆ ಜಾತಕ ತೋರಿಸಿದ ಹಾಗೆ, ಕ್ರಮಕ್ಕೆ ಮಾತ್ರ. ದಾರಿಯಲ್ಲಿ ತಮ್ಮನ ಮನೆಯ ಮುಂದೆ ನಿಲ್ಲಿಸಿದಾಗ, ಹೇಗೂ ಆ ಕಡೆಗಲ್ಲವೇ, ಕೆರೆಯ ನಡುವಿನ ದೇವಸ್ಥಾನ ನೋಡಿ ಬರುವ ಎಂದು ಅವನ ಹೆಂಡತಿ, ನನ್ನ ನಾದಿನಿ, ಇಬ್ಬರು ಮಕ್ಕಳೊಂದಿಗೆ ಹೊರಟಳು. ಮೂವರೂ ಹಿಂದಿನ ತೊಟ್ಟಿಯಲ್ಲಿ ಕಂಬಿ ಹಿಡಿದು ನಿಂತರು. ಮುಂದೆ ತಮ್ಮ, ನಾನು, ಮಾರುವವರು. ಗುಡ್ಡದ ಏರನ್ನು ಗಾಡಿ ಮೂರನೇ ಗೇರಿನಲ್ಲೇ ಹತ್ತಿತು. ಹಿಂದಿನಿಂದ ಮಕ್ಕಳ ಕೂಗು ಕೇಳುತ್ತಿತ್ತು.

ಮೆಕ್ಯಾನಿಕ್ಕಿಗೆ ಅರುವತ್ತು ದಾಟಿತ್ತು. ಬ್ಯಾರಿ ಮಾತಿನ ಮುಸ್ಲಿಮರು, ಊರಿಗೆಲ್ಲ ‘ಇಚ್ಚ’. ಅಣ್ಣ ಎಂದ ಹಾಗೆ. ನನ್ನ ಪುಸ್ತಕವನ್ನು ನೋಡಿ ಅವರು ನಕ್ಕರು.

“ಎಂತ ಮಾಷ್ಟ್ರೇ, ಗಾಡಿಗೂ ಪರೀಕ್ಷೆ ಮಾಡಿದಿರಾ? ಮಾರ್ಕು ಎಷ್ಟು?”

“ನೀವೇ ನೋಡಿ ಇಚ್ಚ. ಫೇಲ್ ಆಗುವ ಗಾಡಿ ಅಲ್ಲ,” ಎಂದ ತಮ್ಮ.

ಬೋನೆಟ್ಟನ್ನು ಅವರು ಮುಟ್ಟಲೂ ಇಲ್ಲ. ಎಂಜಿನ್ ನಿಲ್ಲಿಸಲು ಹೇಳಿದರು. ಎಲ್ಲರನ್ನೂ ಕೆಳಗೆ ಇಳಿಸಿದರು. ಪಕ್ಕದಲ್ಲಿ ಕಬ್ಬಿಣ ಕೊಯ್ಯುತ್ತಿದ್ದವನನ್ನೂ ಕೈಸನ್ನೆಯಲ್ಲಿ ನಿಲ್ಲಿಸಿ, ಒಂದು ಚಿಕ್ಕ ಸುತ್ತಿಗೆ ಹಿಡಿದು, ಗೋಣಿ ಹಾಸಿ ಗಾಡಿಯ ಅಡಿಗೆ ಜಾರಿದರು. ನಾನು ಮೊಣಕಾಲೂರಿ ಬಗ್ಗಿ ನೋಡಿದೆ. ಅವರ ಕಣ್ಣು ಮುಚ್ಚಿತ್ತು.

ಗಾಡಿಯ ಬೆನ್ನೆಲುಬಿನಂತೆ ಉದ್ದಕ್ಕೆ ಎರಡು ಉಕ್ಕಿನ ತೊಲೆಗಳಿರುತ್ತವೆ, ಚಾಸಿ. ಹಿಂದಿನಿಂದ ಶುರುಮಾಡಿ ಅದನ್ನು ಗೇಣು ಗೇಣಿಗೆ ಮೆಲ್ಲಗೆ ತಟ್ಟುತ್ತಾ ಬಂದರು, ನಮ್ಮ ಹೆಂಗಸರು ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವ ಹಾಗೆ. ಪ್ರತಿ ಪೆಟ್ಟಿನ ನಂತರವೂ ಒಂದು ಕ್ಷಣ ಕಾಯುತ್ತಿದ್ದರು. ಠಣ್. ಠಣ್. ಎಡ ತೊಲೆ ಮುಗಿಯಿತು. ಬಲ ತೊಲೆಯೂ ಮುಕ್ಕಾಲು ಭಾಗ ಹಾಗೆಯೇ ನುಡಿಯಿತು. ಸ್ಟೇರಿಂಗಿನ ಪೆಟ್ಟಿಗೆ ಕೂರುವ ಜಾಗದ ಹತ್ತಿರ ಸದ್ದು ಬದಲಾಯಿತು. ನನಗೆ ಆ ಬದಲು ಕೇಳಿಸಲಿಲ್ಲ. ಅವರ ಕೈ ನಿಂತದ್ದಷ್ಟೇ ಕಾಣಿಸಿತು. ಮತ್ತೆ ಅಲ್ಲೇ, ಮೊದಲಿಗಿಂತಲೂ ಮೆಲ್ಲಗೆ ಇನ್ನೊಂದು ಪೆಟ್ಟು ಕೊಟ್ಟರು.

ಸುತ್ತಿಗೆ ಒಳಗೆ ಹೋಯಿತು.

“ಮಾಷ್ಟ್ರೇ, ಕೈ ಕೊಡಿ,” ಎಂದರು. ನನ್ನ ತೋರುಬೆರಳನ್ನು ಹಿಡಿದು ಆ ತೂತಿಗೆ ಇಟ್ಟರು. ಎರಡು ಗೆಣ್ಣು ಒಳಗೆ ಹೋಯಿತು. ಒಳಗೆಲ್ಲ ಪುಡಿ. ಹೊರಗೆ ಉಳಿದದ್ದು ದಪ್ಪಗೆ ಬಳಿದ ಕಪ್ಪು ಬಣ್ಣ, ಅದರ ಹಿಂದೆ ಕಾಗದದಷ್ಟು ಕಬ್ಬಿಣ. ಆರು ಜನರನ್ನು ಗುಡ್ಡ ಹತ್ತಿಸಿದ್ದು ಅದು.

ಅವರು ಹೊರಗೆ ಬಂದು ತೊಟ್ಟಿಯ ಮೂಲೆಯ ಬೋಲ್ಟಿನ ಸಂದಿಗೆ ಉಗುರು ಹಾಕಿ ಏನನ್ನೋ ಕಿತ್ತು ನನ್ನ ಅಂಗೈಗೆ ಹಾಕಿದರು. ಒಣಗಿ ಹಳದಿಯಾದ ಮೀನಿನ ಹುರುಪೆ.

“ಮೊದಲು ಬಂದರಿನಲ್ಲಿ ದುಡಿದ ಗಾಡಿ ಇದು. ಐಸ್ ಕರಗಿದ ಉಪ್ಪುನೀರು ಚಾಸಿಯ ಹೊಟ್ಟೆಗೆ ಇಳಿದು ಅಲ್ಲೇ ಕೂತಿದೆ. ಎಂಜಿನ್ ನೂರಕ್ಕೆ ನೂರು, ನಿಮ್ಮ ಮಾರ್ಕು ಸರಿ ಉಂಟು. ಎಂಜಿನ್ ಉಂಟು, ಗಾಡಿ ಇಲ್ಲ.”

“ಯಾವಾಗ ಮುರಿಯುತ್ತಿತ್ತು?” ಎಂದು ಕೇಳಿದೆ.

“ಮೇಲಿನವನಿಗೆ ಗೊತ್ತು. ಒಂದು ವರ್ಷ ಹೋಗಬಹುದು. ಈಗ ಗುಡ್ಡ ಇಳಿಯುವಾಗ ಆಗಲೂಬಹುದು.”

ನಾದಿನಿ ಇಬ್ಬರು ಮಕ್ಕಳ ಕೈಯನ್ನೂ ಹಿಡಿದು ಗಾಡಿಯಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತಳು.

ತಮ್ಮ ಮಾರುವವರ ಕಡೆ ತಿರುಗಿದ. ಜಗಳವಾಗುತ್ತದೆ ಎಂದುಕೊಂಡೆ. ಆದರೆ ಅವರು ಆಗಲೇ ಟಯರಿನ ರಾಶಿಯ ಮೇಲೆ ಕುಳಿತುಬಿಟ್ಟಿದ್ದರು. “ನಾನು ತೆಗೊಳ್ಳುವಾಗ ಹೀಗೇ ಕಪ್ಪು ಬಣ್ಣ ಇತ್ತು,” ಎಂದರು. “ಮೊನ್ನೆ ಅಮ್ಮನನ್ನು ಆಸ್ಪತ್ರೆಗೆ ಕರಕೊಂಡು ಹೋದದ್ದು ಇದರಲ್ಲೇ ಅಲ್ವಾ.”

“ಧನಿಗಳೇ, ಇದು ಇಲ್ಲೇ ಇರಲಿ. ನೀವು ಬಸ್ಸಿನಲ್ಲಿ ಹೋಗಿ,” ಎಂದರು ಇಚ್ಚ.

ತಮ್ಮನೇ ಅವರನ್ನು ಬಸ್ ನಿಲ್ಲುವಲ್ಲಿಯವರೆಗೆ ಬಿಟ್ಟು ಬಂದ. ಆ ದಿನ ನಾವು ಯಾರೂ ದೇವಸ್ಥಾನಕ್ಕೆ ಹೋಗಲಿಲ್ಲ.

ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು. ಆದಿತ್ಯವಾರ ಮಧ್ಯಾಹ್ನ ಇಚ್ಚ ಫೋನ್ ಮಾಡಿ ಕರೆದರು. ಶೆಡ್ಡಿನ ಮುಂದೆ ಇನ್ನೊಂದು ಪಿಕಪ್ ನಿಂತಿತ್ತು. ಕೆಂಪುಕಲ್ಲು ಹೊತ್ತು ದುಡಿದ ಗಾಡಿ. ಒಂದು ಬಾಗಿಲು ನೀಲಿ, ಒಂದು ಬಿಳಿ, ಮೈಯೆಲ್ಲ ನೆಗ್ಗು. ತಮ್ಮನ ಮುಖ ಸಪ್ಪೆಯಾಯಿತು.

“ಇದನ್ನು ಕಾರ್ಖಾನೆಯವರಿಗೆ ಹೇಗೆ ತೋರಿಸುವುದು ಇಚ್ಚ?”

“ನೀನು ಹೆಣ್ಣು ನೋಡ್ಲಿಕ್ಕೆ ಬಂದದ್ದಾ ಮಾರಾಯ? ಸುಮ್ಮನೆ ನಿಲ್ಲು.”

ಗೋಣಿ ಹಾಸಿದರು, ಕಣ್ಣು ಮುಚ್ಚಿದರು. ನಾದಿನಿ ಈ ಸಲ ಮಕ್ಕಳನ್ನು ಮನೆಯಲ್ಲಿ ಬಿಟ್ಟು ತಾನೊಬ್ಬಳೇ ಬಂದಿದ್ದಳು. ಅವಳೂ ನನ್ನ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದಳು. ಸುತ್ತಿಗೆ ಹಿಂದಿನಿಂದ ಮುಂದಕ್ಕೆ ಬಂತು. ಸ್ಟೇರಿಂಗಿನ ಪೆಟ್ಟಿಗೆಯ ಹತ್ತಿರ ಬಂದಾಗ ನಾನು ಉಸಿರು ಹಿಡಿದೆ. ಠಣ್ ಎಂದಿತು. ಅದರ ಆಚೆಗೂ ಠಣ್. ಕೊನೆಯ ಗೇಣಿನವರೆಗೂ ಅದೇ ಸದ್ದು. ಇಡೀ ಜನ್ಮ ಕಿವಿ ಇಟ್ಟುಕೊಂಡೂ ನಾನು ಹಾಗೆ ಯಾವುದನ್ನೂ ಕೇಳಿರಲಿಲ್ಲ.

ಇಚ್ಚ ಹೊರಗೆ ಬಂದು ಸುತ್ತಿಗೆಯನ್ನು ಲುಂಗಿಗೆ ಒರಸಿಕೊಂಡರು.

“ಗಾಡಿ ಉಂಟು,” ಎಂದರು. “ಇನ್ನು ನಿಮ್ಮ ಪುಸ್ತಕ ತೆಗೀರಿ ಮಾಷ್ಟ್ರೇ. ಎಂಜಿನ್ ನೋಡುವ.”