ತಿಪ್ಪಮ್ಮನಿಗೆ ಹತ್ತಕ್ಕೆ ಎರಡು

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಅಡಿಕೆ ಡಬ್ಬಿ ಹುಡುಕುತ್ತಿದ್ದೆ. ಮೊಮ್ಮಗಳು ಬಂದು ತನ್ನ ಫೋನನ್ನು ನನ್ನ ಮೂಗಿನ ತುದಿಗೆ ಹಿಡಿದಳು. ಪಿಯುಸಿ ಎರಡನೇ ವರ್ಷದ ಹುಡುಗಿ. ಪರದೆಯ ಮೇಲೆ ಹಸಿರು ಬಣ್ಣದ ಒಂದು ಚಕ್ರ, ಅದರ ನಡುವೆ ನಲವತ್ತೊಂದು ಪರ್ಸೆಂಟ್ ಎಂದು ದಪ್ಪಕ್ಷರ. ಯಾವುದೋ ದೊಡ್ಡ ಕಾಲೇಜಿನಲ್ಲಿ ಅವಳಿಗೆ ಸೀಟೂ ಸ್ಕಾಲರ್‌ಶಿಪ್ಪೂ ಸಿಗುವ ಚಾನ್ಸ್ ಅಷ್ಟಂತೆ. ಮಾರ್ಕ್ಸು, ಆಟ, ಹಾಡು, ಭಾಷಣ ಎಲ್ಲವನ್ನೂ ತುಂಬಿಸಿದರೆ ಅದು ಲೆಕ್ಕ ಹಾಕಿ ಹೇಳುತ್ತದಂತೆ.

"ಅಜ್ಜಿ, ಫಾರ್ಟಿ ಒನ್ ಅಂದ್ರೆ ಒಳ್ಳೇದಾ ಕೆಟ್ಟದ್ದಾ? ನಿಂಗೇನನ್ಸುತ್ತೆ?"

ಪಾಪ, ತಾನು ಯಾರನ್ನು ಕೇಳುತ್ತಿದ್ದೇನೆ ಎಂಬುದು ಆ ಹುಡುಗಿಗೆ ಗೊತ್ತಿಲ್ಲ. ಈ ಕಸುಬನ್ನು ಚಿತ್ರದುರ್ಗದಲ್ಲಿ ಮೊದಲು ಶುರು ಮಾಡಿದವಳೇ ನಾನು. ಎಪ್ಪತ್ತರ ದಶಕದಲ್ಲಿ, ಫೋನೂ ಇಲ್ಲದೆ ಹಸಿರು ಚಕ್ರವೂ ಇಲ್ಲದೆ, ಒಂದು ಮಾರಲ್ ಸೈನ್ಸ್ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ. ನಗಬೇಡಿ, ಒಳ್ಳೆಯ ವ್ಯಾಪಾರವಿತ್ತು.

ನಮ್ಮದು ಸಿಸ್ಟರ್‌ಗಳ ಕಾನ್ವೆಂಟ್. ಗೇಟಿನ ಒಳಗೆ ಇಂಗ್ಲಿಷ್, ಹೊರಗೆ ಕನ್ನಡ. ಗೇಟಿನ ಮೇಲೆ ಹತ್ತಿ ಕೂತರೆ ಎರಡೂ. ನಾನು ಹೆಚ್ಚಾಗಿ ಗೇಟಿನ ಮೇಲೆಯೇ ಇದ್ದೆ. ಹತ್ತನೇ ಕ್ಲಾಸಿಗೆ ಬರುತ್ತಿದ್ದಂತೆ ಹುಡುಗಿಯರಿಗೆಲ್ಲ ಒಂದೇ ಚಿಂತೆ: ಫಸ್ಟ್ ಕ್ಲಾಸ್ ಬರುತ್ತದೋ ಇಲ್ಲವೋ, ಸೈನ್ಸ್ ಸೀಟು ಸಿಗುತ್ತದೋ ಇಲ್ಲವೋ, ಅಥವಾ ಸೀದಾ ಹೆಣ್ಣು ನೋಡಲು ಬರುವವರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲುವುದೋ. ಈ ಭಯವನ್ನು ಯಾರಾದರೂ ಅಂಕಿಯಲ್ಲಿ ಹೇಳಿಬಿಟ್ಟರೆ ಎಷ್ಟೋ ನೆಮ್ಮದಿ ಎಂದು ನನಗೆ ಹೊಳೆಯಿತು. ಹೀಗೆ ಹೊಳೆಯಲು ಕಾರಣ ನನ್ನ ಅಪ್ಪ.

ಅಪ್ಪನಿಗೆ ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ಕೆಲಸ. ವಾರವಿಡೀ ಅಣೆಕಟ್ಟೆಯ ಹತ್ತಿರ ಕ್ವಾರ್ಟರ್ಸಿನಲ್ಲಿದ್ದು, ಶನಿವಾರ ಸಂಜೆ ಹಿರಿಯೂರಿನ ಬಸ್ಸು ಹಿಡಿದು ಮನೆಗೆ ಬರುತ್ತಿದ್ದರು. ಬೀದಿಯ ತಿರುವಿನಲ್ಲೇ ಜನ ಅಡ್ಡಗಟ್ಟಿ, "ಸಾರ್, ಈ ವರ್ಷನಾದ್ರೂ ಕೋಡಿ ಬೀಳ್ತೈತಾ?" ಎಂದು ಕೇಳುವರು. ಅಪ್ಪ ಕನ್ನಡಕ ತೆಗೆದು ಒರೆಸಿ, ಆಕಾಶದ ಕಡೆ ನೋಡಿ, ಬಹಳ ಹೊತ್ತು ಯೋಚಿಸಿ, "ಡೌಟು" ಎನ್ನುವರು. ಜನ ತಲೆದೂಗುವರು. ಅಪ್ಪನ ಸರ್ವೀಸಿನ ಕಾಲದಲ್ಲಿ ಆ ಜಲಾಶಯ ಒಮ್ಮೆಯೂ ಕೋಡಿ ಬೀಳಲಿಲ್ಲವಾದ್ದರಿಂದ ಅಪ್ಪನ ಮಾತೂ ಒಮ್ಮೆಯೂ ತಪ್ಪಲಿಲ್ಲ. ಮುಖ ಗಂಭೀರ ಮಾಡಿಕೊಂಡು ಕಡಿಮೆ ಅಂದಾಜು ಹೇಳಿದವರಿಗೆ ಊರಿನಲ್ಲಿ ಮರ್ಯಾದೆ ಜಾಸ್ತಿ ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಲಂಚ್ ಬ್ರೇಕಿನಲ್ಲಿ ನೀರಿನ ತೊಟ್ಟಿಯ ಹಿಂದೆ ನನ್ನ ಆಫೀಸು. ಫೀಸು ಒಂದು ಸೀತಾಫಲ. ದುರ್ಗದ ಗುಡ್ಡಗಳಲ್ಲಿ ಅದಕ್ಕೆ ಬರವಿರಲಿಲ್ಲ, ನನ್ನ ಹೊಟ್ಟೆಯಲ್ಲಿ ಜಾಗಕ್ಕೂ ಬರವಿರಲಿಲ್ಲ. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಹಾಫ್ ಇಯರ್ಲಿ ಮಾರ್ಕ್ಸು ಕೇಳುತ್ತಿದ್ದೆ. ಆಮೇಲೆ ನನ್ನದೇ ಕೆಲವು ನಿಯಮಗಳಿದ್ದವು. ಅಕ್ಷರ ದುಂಡಗಿದ್ದರೆ ಅರ್ಧ ಹೆಚ್ಚು. ಚಾಪೆಲ್‌ನಲ್ಲಿ ತೂಕಡಿಸಿ ಸಿಕ್ಕಿಬಿದ್ದಿದ್ದರೆ ಒಂದು ಕಡಿಮೆ. ರಾಮಗಿರಿಯಿಂದ ಬಂದು ಬೋರ್ಡಿಂಗಿನಲ್ಲಿದ್ದ ಒಬ್ಬಳಿಗೆ, ಸೋಮವಾರ ರೈಲು ತಡವೆಂದು ಯಾವಾಗಲೂ ಅಲ್ಜೀಬ್ರಾ ತಪ್ಪಿಸಿಕೊಳ್ಳುತ್ತಿದ್ದುದರಿಂದ, ರೈಲ್ವೆ ಇಲಾಖೆಯ ಲೆಕ್ಕದಲ್ಲಿ ಅರ್ಧ ಕಳೆದಿದ್ದೆ. ಅವಳು ಅತ್ತಳು. ಹಣ್ಣು ಮಾತ್ರ ವಾಪಸ್ ಕೊಡಲಿಲ್ಲ ನಾನು. ಕೊನೆಗೆ ಹತ್ತಕ್ಕೆ ಇಷ್ಟು ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ನನ್ನ ಹೆಸರಿನ ಮುಂದೆ ಒಂಬತ್ತೂವರೆ ಇತ್ತು. ಕೇಳಿದವರಿಗೆ ತೋರಿಸುತ್ತಿರಲಿಲ್ಲ.

ತಿಪ್ಪಮ್ಮನಿಗೆ ಎಂಟು ಕೊಟ್ಟಿದ್ದೆ.

ಅವಳು ಮದಕರಿಪುರದವಳು. ಅವಳಪ್ಪ ಬೀರಪ್ಪ ಕುರಿ ಸಾಕುತ್ತಿದ್ದ. ದಿನಾ ಊರಿನಿಂದ ನಡೆದೇ ಬರುವಳು. ಬೆಲ್ಲಿಗೆ ಮುಂಚೆ ಬಂದು ನಮ್ಮ ಹೋಮ್‌ವರ್ಕಿನ ತಪ್ಪುಗಳನ್ನು ಬೆರಳಿಟ್ಟು ತೋರಿಸುವಳು. ಗಣಿತದಲ್ಲಿ ಒಮ್ಮೆ ಬರೆದದ್ದನ್ನು ಹೊಡೆದು ಹಾಕಿದ್ದೇ ಇಲ್ಲ. ಇಂಗ್ಲಿಷ್ ಮಾತ್ರ ಅವಳ ಬಾಯಲ್ಲಿ ಬಿಸಿ ಮುದ್ದೆಯಂತೆ ಅತ್ತಿತ್ತ ಹೊರಳುತ್ತಿತ್ತು. ಅದಕ್ಕೇ ಎರಡು ಕಳೆದಿದ್ದೆ. ನ್ಯಾಯವಾದ ಎಂಟು ಅದು. ನನ್ನ ಬೆಸ್ಟ್ ಫ್ರೆಂಡ್ ಬೇರೆ.

ಒಂದು ದಿನ ಅಸೆಂಬ್ಲಿಯಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಒಂದು ಕಾಗದ ಓದಿದರು. ಮೈಸೂರಿನ ಕಾಲೇಜಿನಲ್ಲಿ ಪಿಯುಸಿ ಸೀಟು, ಹಾಸ್ಟೆಲು, ಸ್ಕಾಲರ್‌ಶಿಪ್, ಮೂರೂ ನಮ್ಮ ಸ್ಕೂಲಿನ ಒಬ್ಬಳೇ ಒಬ್ಬಳಿಗೆ. ಈಗಲೇ ಅರ್ಜಿ ಹಾಕಬೇಕು, ತಂದೆಯ ಸಹಿ ಬೇಕು. ಅರ್ಜಿ ಹಾಕಿದವರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಯಾರದು ಹೆಚ್ಚೋ ಅವಳಿಗೆ. ಆ ಶನಿವಾರ ಅಪ್ಪ ಹೇಳಿದರು: "ಸ್ಕಾಲರ್‌ಶಿಪ್ ಬಂದ್ರೆ ಮೈಸೂರು. ಬರದಿದ್ರೆ ಮನೆ ಮುಂದಿನ ಕಾಲೇಜು, ಅಮ್ಮನ ಕಣ್ಣ ಮುಂದೆ." ಮೈಸೂರನ್ನು ನಾನು ನೋಡಿದ್ದೆ. ಅಮ್ಮನ ಕಣ್ಣನ್ನೂ ನೋಡಿದ್ದೆ. ನನಗೆ ಮೈಸೂರೇ ಬೇಕಿತ್ತು.

ಅವತ್ತು ಸಂಜೆ ನೋಟ್‌ಬುಕ್ ತೆರೆದೆ. ಇಡೀ ಕ್ಲಾಸಿನಲ್ಲಿ ನನಗೂ ಮೈಸೂರಿಗೂ ಅಡ್ಡವಾಗಿ ನಿಂತಿದ್ದವಳು ಒಬ್ಬಳೇ. ರಬ್ಬರು ಕಳೆದುಹೋಗಿತ್ತು. ಬೆರಳಿಗೆ ಎಂಜಲು ಹಚ್ಚಿ ಎಂಟನ್ನು ಉಜ್ಜಿದೆ. ಕಾಗದ ಹರಿಯುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ, ಅದರ ಮೇಲೆ ಎರಡು ಎಂದು ಬರೆದೆ. ಮಾರಲ್ ಸೈನ್ಸ್ ನೋಟ್‌ಬುಕ್ಕಿನಲ್ಲಿ, ಗಮನಿಸಿ.

ಸೋಮವಾರವೇ ತಿಪ್ಪಮ್ಮ ತೊಟ್ಟಿಯ ಹಿಂದೆ ಬಂದಳು. ಕೈಯಲ್ಲಿ ಹಣ್ಣು.

"ಅರ್ಜಿ ಹಾಕ್ಲೇನೇ? ನನ್ನ ಪುಟ ತೆಗೆದು ನೋಡು."

ತೋರಿಸಿದೆ. ಅವಳು ಪುಟವನ್ನು ಬಿಸಿಲಿಗೆ ಹಿಡಿದು ನೋಡಿದಳು, ನನ್ನನ್ನೂ ನೋಡಿದಳು.

"ಎರಡು ಅನ್ನು."

"ಇಂಗ್ಲಿಷ್ ಇದೆಯಲ್ಲ, ತಿಪ್ಪೀ. ವೆರಿ ಡಿಫಿಕಲ್ಟ್."

"ಆತು ಬಿಡು. ನಮ್ಮಪ್ಪ ನಿನ್ನ ಬುಕ್ಕು ಕೇಳೇ ಹೆಬ್ಬೆಟ್ಟು ಒತ್ತೋದು ಅಂತ ಕುಂತಾನೆ. ಎರಡು ಅಂದ್ರೆ ಮುಗೀತು, ಹೊಸದುರ್ಗದ ಮಾವನ ಮಗಂಗೆ ಕೊಟ್ಟು ಕೈ ತೊಳ್ಕಂತಾನೆ. ಹಣ್ಣು ತಿನ್ನು, ಚೆನ್ನಾಗೈತೆ."

ಹೇಳಿದ್ದು ನಗುನಗುತ್ತಲೇ. ಆ ಹಣ್ಣನ್ನು ನಾನು ತಿನ್ನಲಾಗಲಿಲ್ಲ. ಮನೆಗೆ ತಂದು ಗೂಡಿನಲ್ಲಿಟ್ಟೆ. ಅದು ಕಪ್ಪಾಗುತ್ತಾ ಹೋಯಿತು. ಮೂರು ದಿನ ನನ್ನ ಕಣ್ಣ ಮುಂದೆ ಹೊಸದುರ್ಗದ ಮಾವನ ಮಗ ಬರುತ್ತಿದ್ದ. ಎಣ್ಣೆ ಹಚ್ಚಿ ಬಾಚಿದ ತಲೆ, ದೊಡ್ಡ ಮೀಸೆ, ಮುಂದಿನ ಒಂದು ಹಲ್ಲಿಲ್ಲ. ನಾನೇ ಅವನಿಗೆ ಇಷ್ಟು ಅಲಂಕಾರ ಮಾಡಿದ್ದೆ. ಹಾಗಂತ ಎರಡನ್ನು ಮತ್ತೆ ಎಂಟು ಮಾಡಿದೆನೇ? ಇಲ್ಲ. ಮೈಸೂರೂ ಕಣ್ಣ ಮುಂದೆ ಬರುತ್ತಿತ್ತು.

ನಾಲ್ಕನೇ ದಿನ ಸಂತೆ. ಊಟದ ಬೆಲ್ ಆದಾಗ ಗೇಟಿನ ಹತ್ತಿರ ತಿಪ್ಪಮ್ಮನ ಅಪ್ಪ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಅದರ ಮೇಲೊಂದು ಟವಲು, ಪಕ್ಕದಲ್ಲಿ ಆಗಷ್ಟೇ ಕೊಂಡ ಟಗರು. ಟಗರನ್ನು ಗೇಟಿಗೆ ಕಟ್ಟಿದ್ದ. ಅದು ಕಂಬಿಗಳ ನಡುವೆ ಕತ್ತು ತೂರಿಸಿ ಸಿಸ್ಟರ್ ಬೆಳೆಸಿದ್ದ ಗುಲಾಬಿಯ ರುಚಿ ನೋಡುತ್ತಿತ್ತು. ತಿಪ್ಪಮ್ಮ ಪಕ್ಕದಲ್ಲೇ ನಿಂತು ನನ್ನನ್ನು ಕೈಮಾಡಿ ಕರೆದಳು.

"ಎಲ್ಲಾರ ಹಣೇಬರ ಬರಿಯೋಳು ನೀನೇ ಏನವ್ವಾ?" ಎಂದ ಬೀರಪ್ಪ.

"ಯೆಸ್ ಅಂಕಲ್," ಎಂದೆ. ಅವನು ಹಿಂದೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದ.

"ನಮ್ ತಿಪ್ಪಿಗೆ ಎರಡು ಬಿದ್ದೈತಂತೆ. ಏನು ನೋಡಿ ಹಾಕ್ದೆ?"

"ಇಂಗ್ಲಿಷು... ಅಕ್ಷರ..."

"ನಾವು ಒಂದು ಮರಿ ತಗಳ್ಳಾಕೆ ಹೋದ್ರೆ ಬಾಯಿ ಬಿಡಿಸಿ ಹಲ್ಲು ನೋಡ್ತೀವಿ, ಬೆನ್ನು ಅಮುಕ್ತೀವಿ, ನಾಕು ಹೆಜ್ಜೆ ನಡೆಸ್ತೀವಿ. ನೀನು ಕುಂತಲ್ಲೇ ಹೇಳ್ಬಿಟ್ಟೆ. ದೊಡ್ಡ ವ್ಯಾಪಾರಿ ಕಣವ್ವ ನೀನು."

"ಅಪ್ಪಾ, ಸಾಕು ಬಾ, ಸಿಸ್ಟರ್ ನೋಡಿದ್ರೆ ಬೈತಾರೆ," ಎಂದಳು ತಿಪ್ಪಮ್ಮ. ಸುತ್ತ ಅಷ್ಟರಲ್ಲಿ ಏಳೆಂಟು ಹುಡುಗಿಯರು ಸೇರಿದ್ದರು. ನನ್ನ ಗಿರಾಕಿಗಳೇ ಎಲ್ಲರೂ.

"ಇರೇ ಲೇ. ನೋಡವ್ವಾ, ಸಂತ್ಯಾಗೆ ನಾವು ಬಾಯಿಬಿಟ್ಟು ರೇಟ್ ಹೇಳಲ್ಲ. ನಾಕು ಜನದ ಮುಂದೆ ಹೇಳೋ ಮಾತು ಬ್ಯಾರೆ, ಟವಲ್ ಒಳಗಿನ ಮಾತು ಬ್ಯಾರೆ. ಕೈ ಕೊಡಿಲ್ಲಿ. ಒಂದು ಬೆರಳಿಗೆ ಒಂದು. ಐದು ದಾಟಿದ್ರೆ ಬಿಟ್ಟು ಮತ್ತೆ ಹಿಡಿ. ನಿಂಗೂ ನಂಗೂ ಬಿಟ್ರೆ ಯಾರಿಗೂ ತಿಳಿಯಂಗಿಲ್ಲ."

ಕುರಿ ಸಂತೆಯಲ್ಲಿ ಹೀಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನೀವೂ ನೋಡಿರಬಹುದು. ನಾನು ದೂರದಿಂದ ನೋಡಿದ್ದೆ ಅಷ್ಟೆ. ಅವನ ಅಂಗೈ ಮರದ ಹಲಗೆಯಂತಿತ್ತು. ಮೇಲೆ ಟವಲು ಬಿತ್ತು. ಒಳಗೆ ಕತ್ತಲೆ, ಕುರಿಯ ವಾಸನೆ, ನನ್ನ ಬೆವರಿದ ಬೆರಳುಗಳು. ಎರಡು ಬೆರಳು ಹಿಡಿದರೆ ಮುಗಿಯಿತು, ಮೈಸೂರು ನನ್ನದು. ಎರಡು ಬೆರಳು ಹಿಡಿದೆ ಕೂಡ. ಅವನು ಅಲುಗಾಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಟಗರಿನ ಕಡೆ ನೋಡುತ್ತಾ ಸುಮ್ಮನೆ ನಿಂತಿದ್ದ. ಅವನು ಏನಾದರೂ ಅಂದಿದ್ದರೆ ನಾನು ವಾದ ಮಾಡುತ್ತಿದ್ದೆ. ವಾದದಲ್ಲಿ ನನ್ನನ್ನು ಸಿಸ್ಟರ್‌ಗಳೂ ಗೆದ್ದಿರಲಿಲ್ಲ. ಸುಮ್ಮನೆ ಕೈ ಕೊಟ್ಟು ನಿಂತವನ ಹತ್ತಿರ ಏನು ವಾದ? ಎರಡು ಬೆರಳು ಬಿಟ್ಟೆ. ಐದೂ ಹಿಡಿದೆ, ಬಿಟ್ಟೆ, ಮತ್ತೆ ಮೂರು ಹಿಡಿದೆ.

ಬೀರಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಆತು, ಬರ್ತೀನವ್ವಾ," ಎಂದು ಟಗರಿನ ಬಾಯಿಂದ ಗುಲಾಬಿ ಕಿತ್ತುಕೊಂಡು, ಅದನ್ನು ನನ್ನ ಕೈಗೇ ಕೊಟ್ಟು ಹೋದ. ಅದು ಕೈಯಲ್ಲಿದ್ದುದರಿಂದ ಸಿಸ್ಟರ್ ಬೈದದ್ದು ನನಗೆ.

ಒಂದೆರಡು ದಿನದಲ್ಲಿ ಅರ್ಜಿ ಹಾಕಿದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಅದರಲ್ಲಿ ತಿಪ್ಪಮ್ಮನ ಹೆಸರಿತ್ತು. ಪರೀಕ್ಷೆಯಾಗಿ, ಬೇಸಿಗೆ ಕಳೆದು, ರಿಸಲ್ಟ್ ಬಂತು. ಅವಳು ಫಸ್ಟ್, ನಾನು ಸೆಕೆಂಡ್. ಅವಳಿಗೆ ಮೈಸೂರು. ಎರಡನೆಯವಳಿಗೆ ಸಿಸ್ಟರ್ ಒಂದು ಹೋಲಿ ಪಿಕ್ಚರ್ ಕೊಟ್ಟು ತಲೆ ಸವರಿದರು. ಅಪ್ಪ ಕನ್ನಡಕ ಒರೆಸಿಕೊಂಡು, "ಈ ವರ್ಷಾನೂ ಕೋಡಿ ಬೀಳ್ಲಿಲ್ಲ," ಎಂದರು. ನಾನು ಮನೆ ಮುಂದಿನ ಕಾಲೇಜಿಗೆ ಸೇರಿದೆ. ಕಿಟಕಿಯಿಂದ ಅಮ್ಮನ ಕಣ್ಣು ಕಾಣಿಸುತ್ತಿತ್ತು. ಆದರೂ ಓದಿದೆ, ಟೀಚರಾದೆ, ಇಂಗ್ಲಿಷನ್ನೇ ಕಲಿಸಿದೆ, ಸಂಸಾರ ಮಾಡಿದೆ. ತಿಪ್ಪಮ್ಮ ಗಣಿತದ ಲೆಕ್ಚರರ್ ಆಗಿ ಈಗ ಹಿರಿಯೂರಿನಲ್ಲಿ ರಿಟೈರಾಗಿದ್ದಾಳೆ.

ಆ ಟವಲಿನ ಕಥೆಯನ್ನು ತಿಪ್ಪಮ್ಮನೊಬ್ಬಳನ್ನು ಬಿಟ್ಟು ನಾನು ಎಲ್ಲರಿಗೂ ಹೇಳಿದ್ದೇನೆ. ಗಂಡನಿಗೆ, ಮಕ್ಕಳಿಗೆ, ಸ್ಟಾಫ್ ರೂಮಿನಲ್ಲಿ, ಒಮ್ಮೆ ರೈಲಿನಲ್ಲಿ ಅಪರಿಚಿತರಿಗೂ. ಎಂಟನ್ನು ಎರಡು ಮಾಡಿದ ಭಾಗವನ್ನು ಸ್ವಲ್ಪ ಬೇಗ ಹೇಳಿ ಮುಗಿಸಿ, ಬೆರಳು ಹಿಡಿದ ಭಾಗವನ್ನು ನಿಧಾನವಾಗಿ ಹೇಳುವುದು ರೂಢಿ. ನನ್ನ ಜೀವನದ ಒಂದೇ ಒಂದು ತ್ಯಾಗ. ಅದಕ್ಕಾದರೂ ಸ್ವಲ್ಪ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬೇಡವೇ?

ಮೊನ್ನೆ ಮೊಮ್ಮಗಳ ಮುಂದೆಯೂ ಹಾಗೇ ಹೇಳಿ ಮುಗಿಸಿದೆ. ಅವಳು ಈ ಕಾಲದ ಹುಡುಗಿ. "ಅವರಿಗೆ ಹೇಳೇ ಇಲ್ವಾ? ಕಾಲ್ ಮಾಡು, ಸ್ಪೀಕರ್ ಹಾಕು," ಎಂದಳು. ಬೇಡ ಎನ್ನುವುದರೊಳಗೆ ರಿಂಗಾಗುತ್ತಿತ್ತು.

"ಏನೇ, ಬದುಕಿದೀಯಾ?" ಎಂದಳು ತಿಪ್ಪಮ್ಮ.

ಹೇಳಿದೆ. ಎಂಜಲು ಹಚ್ಚಿ ಉಜ್ಜಿದ್ದು, ಎರಡು, ಟವಲು, ಎಂಟು, ಎಲ್ಲ. ಸಾರಿ ಎಂದೂ ಹೇಳಿದೆ. ಆ ಕಡೆಯಿಂದ ಮೊದಲು ಕೆಮ್ಮು ಕೇಳಿಸಿತು. ಅದು ನಗು ಎಂದು ಆಮೇಲೆ ತಿಳಿಯಿತು.

"ಅಯ್ಯೋ ಹುಚ್ಚೀ! ಪುಟಾನ ಬಿಸಿಲಿಗೆ ಹಿಡಿದಾಗಲೇ ನಿನ್ನ ಎಂಟು ಕಾಣ್ತು ಕಣೇ. ಅಪ್ಪಂಗೂ ಹೇಳಿದ್ದೆ. ಅವನು ಸಂತೆ ದಿನ ಬೆಳಗ್ಗೇನೇ ಸಿಸ್ಟರ್ ಹತ್ರ ಹೋಗಿ ಹೆಬ್ಬೆಟ್ಟು ಒತ್ತಿ ಬಂದಿದ್ದ."

"ಮತ್ತೆ ನನ್ನ ಹತ್ರ ಯಾಕೆ ಬಂದ?"

"ಎಂಟನ್ನ ಎರಡು ಮಾಡಿದೋಳ ಮುಖ ಹೆಂಗೈತೆ ನೋಡಾಣ ಅಂತ."

"ಹಾಗಾದ್ರೆ ಹೊಸದುರ್ಗದ ಮಾವನ ಮಗ?"

"ಆ ಮಾವಂಗೆ ಗಂಡುಮಕ್ಕಳೇ ಇರ್ಲಿಲ್ಲ ಕಣೇ. ನಾಕೂ ಹೆಣ್ಣು. ನೀನು ಮೂರು ದಿನ ಒದ್ದಾಡ್ಲಿ ಅಂತ ಹೇಳ್ದೆ."

ಐವತ್ತು ವರ್ಷ ಸಾಕಿ ಬೆಳೆಸಿದ ನನ್ನ ತ್ಯಾಗ ಸ್ಪೀಕರಿನಲ್ಲಿ, ಮೊಮ್ಮಗಳ ಎದುರಿಗೇ ಪ್ರಾಣ ಬಿಟ್ಟಿತು. ಅವಳು ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು.

"ಅವತ್ತು ಊರಿಗೆ ಹೋಗ್ತಾ ದಾರ್‍ಯಾಗೆ ಅಪ್ಪ ಒಂದು ಮಾತು ಅಂದ," ಎಂದಳು ತಿಪ್ಪಮ್ಮ. ಈಗ ದನಿಯಲ್ಲಿ ನಗುವಿರಲಿಲ್ಲ. "ಮೊದ್ಲು ಎರಡು ಹಿಡಿದ್ಲು, ತಡ್ಕಳ್ಳಾಕೆ ಆಗ್ಲಿಲ್ಲ, ಬಿಟ್ಟು ಎಂಟು ಹಿಡಿದ್ಲು. ಆ ಹುಡುಗಿ ಪುಸ್ತಕದಾಗೆ ಸುಳ್ಳು ಬರೀತಾಳೆ, ಕೈಗೆ ಇನ್ನಾ ಸುಳ್ಳು ಬರಲ್ಲ. ಸ್ನೇಹ ಬಿಡಬ್ಯಾಡ ಅಂದ. ಅದಕ್ಕೇ ಇವತ್ತಿಗೂ ನಿನ್ನ ಫೋನು ಎತ್ತೋದು ನಾನು."

ಅವನ ಮಗಳ ಚಾನ್ಸನ್ನು ನಾನು ಅಳೆಯುತ್ತಿದ್ದೇನೆಂದು ಅಂದುಕೊಂಡಿದ್ದೆ. ಆ ಟವಲಿನೊಳಗೆ ಹಲ್ಲು ನೋಡಿಸಿಕೊಂಡವಳು ನಾನು.

ಫೋನಿಟ್ಟ ಮೇಲೆ ಮೊಮ್ಮಗಳು ಕಣ್ಣೊರೆಸಿಕೊಂಡು ಮತ್ತೆ ಕೇಳಿದಳು, "ಈಗ ಹೇಳು ಅಜ್ಜಿ, ನನಗೆ ಹತ್ತಕ್ಕೆ ಎಷ್ಟು?"

ನನ್ನ ಮುಖ ಅಭ್ಯಾಸಬಲದಿಂದ ಗಂಭೀರವಾಗತೊಡಗಿತ್ತು. ತಡೆದೆ.

"ಗೊತ್ತಿಲ್ಲ ಮರಿ," ಎಂದೆ. "ಅರ್ಜಿ ಹಾಕು."