ರಸೀದಿಯಲ್ಲಿದ್ದ ಇಂದ್ರ

ಮ್ಯೂಸಿಯಮ್ಮಿನವರು ಮೋಸ ಮಾಡಿ ಇಂದ್ರರ ಯಕ್ಷವಿಗ್ರಹವನ್ನು ನುಂಗಿ ಹಾಕಿದರು ಎಂಬುದು ನಮ್ಮೂರು ಬೆಳುವಾಯಿಯಲ್ಲಿ ಎಲ್ಲರೂ ಹೇಳುವ ಕಥೆ. ಎಲ್ಲರೂ ಹೇಳುತ್ತಾರೆ ಎಂಬುದು ಯಾವತ್ತಿನಿಂದ ಪುರಾವೆಯಾಯಿತು? ಹೇಳುವವರಲ್ಲಿ ಒಬ್ಬನೂ ಆ ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತಿದವನಲ್ಲ. ಹತ್ತಿದವರು ಇಬ್ಬರೇ, ಇಂದ್ರರು ಮತ್ತು ನಾನು.

ಮೊನ್ನೆ ಬಂಟ್ವಾಳದಲ್ಲಿ, ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಾಕೆ ಹುಣಸೆಹುಳಿ ಹಚ್ಚಿ ದೀಪ ತಿಕ್ಕುತ್ತಿದ್ದರು. ಒದ್ದೆ ಲೋಹದ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ, ಓದುತ್ತಿದ್ದ ಕೇಸಿನ ಕಾಗದ ಕೈಯಲ್ಲೇ ಉಳಿಯಿತು. ಇಂದ್ರರ ಬೆರಳುಗಳಿಗೆ ಸದಾ ಇದೇ ವಾಸನೆ…

ನಮ್ಮ ಕಡೆ ಜೈನ ಬಸದಿಯಲ್ಲಿ ಪೂಜೆ ಮಾಡುವವರನ್ನು ಇಂದ್ರರು ಎಂದೇ ಕರೆಯುವುದು. ಹೆಸರು ಕೇಳಿದರೆ ನಮ್ಮೂರ ಬಸದಿಯ ಇವರೂ ಅದನ್ನೇ ಹೇಳುತ್ತಿದ್ದರು. ಕೆಟ್ಟದ್ದು ಅಲ್ಲಿಂದಲೇ. ನಾನು ಹೈಸ್ಕೂಲಿನಲ್ಲಿದ್ದಾಗ, ಯಾವುದೋ ಪ್ರದರ್ಶನಕ್ಕೆಂದು ಮ್ಯೂಸಿಯಮ್ಮಿನ ಕಡೆಯಿಂದ ಜೀಪಿನಲ್ಲಿ ಬಂದವರು ಬಸದಿಯ ಸರ್ವಾಹ್ಣ ಯಕ್ಷನನ್ನು ಕೇಳಿ ಪಡೆದರು. ಗೇಣುದ್ದದ ಕಂಚಿನ ವಿಗ್ರಹ. ಆನೆಯ ಮೇಲೆ ಕುಳಿತು, ತಲೆಯ ಮೇಲೆ ಧರ್ಮಚಕ್ರ ಹೊತ್ತ ಯಕ್ಷ. ಆರು ತಿಂಗಳಲ್ಲಿ ವಾಪಸ್ಸು ಎಂದರು. ರಸೀದಿ ಬರೆಯುತ್ತಿದ್ದ ಗುಮಾಸ್ತ ವಿಗ್ರಹದ ಕಡೆ ಪೆನ್ನು ತೋರಿಸಿ ಹೆಸರೇನೆಂದು ಕೇಳಿದ. ತನ್ನನ್ನೇ ಕೇಳಿದನೆಂದುಕೊಂಡು ಇವರು ಕೈಮುಗಿದು "ಇಂದ್ರ" ಎಂದರು. ಇಂಗ್ಲಿಷ್ ರಸೀದಿಯಲ್ಲಿ ಹಾಗೆಯೇ ಬಿತ್ತು: ಕಂಚಿನ ಇಂದ್ರ, ಒಂದು.

ಯಕ್ಷ ಬರಲಿಲ್ಲ. ನಮ್ಮ ಸರ್ವಾಹ್ಣ ಯಕ್ಷನನ್ನು ಕಳಿಸಿಕೊಡಿ ಎಂದು ಇಂದ್ರರು ವರ್ಷಕ್ಕೊಂದು ಅರ್ಜಿ ಬರೆಸಿದರು. ಆ ಹೆಸರಿನ ವಿಗ್ರಹ ನಮ್ಮಲ್ಲಿಲ್ಲ ಎಂದು ವರ್ಷಕ್ಕೊಂದು ಉತ್ತರ ಬಂತು. ಖಾಲಿ ಪೀಠಕ್ಕೇ ಅವರು ದಿನವೂ ಹೂವಿಡುತ್ತಿದ್ದರು. "ಇಲ್ಲದವನಿಗೆ ಯಾಕೆ ಹೂ?" ಎಂದು ಒಮ್ಮೆ ಕೆಣಕಿದೆ.

"ಅವನು ಬಂದಾಗ ಜಾಗದ ಗುರ್ತ ಸಿಗ್ಬೇಕಲ್ಲ ಮಾರಾಯ. ನಿನಗೆ ಇಷ್ಟು ದೊಡ್ಡ ಬಾಯಿ ಉಂಟಲ್ಲ, ಒಮ್ಮೆ ಆ ಮ್ಯೂಸಿಯಮ್ಮಿಗೆ ಬಂದು ಆಡಿಸು ನೋಡುವ!"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಪ್ ಗೆಲ್ಲುತ್ತಿದ್ದ ಕಾಲ. ದೇವರಲ್ಲಿ ನಂಬಿಕೆ ಇರಲಿಲ್ಲ, ವಾದದಲ್ಲಿ ಇತ್ತು. ಹೊರಟೆವು.

ಮ್ಯೂಸಿಯಮ್ಮು ಇದ್ದ ಉತ್ತರದ ಹಳೆಯ ರಾಜಧಾನಿಗೆ ದಿನಗಟ್ಟಲೆ ರೈಲು. ಇಂದ್ರರು ಮನೆಯಿಂದ ತಂದ ಅವಲಕ್ಕಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ರಸೀದಿಯನ್ನು ಮೊದಲ ಬಾರಿಗೆ ಓದಿ ಹೇಳಿದವನು ನಾನೇ. ಕೇಳಿ ಹಣೆ ಚಚ್ಚಿಕೊಂಡು ನಕ್ಕರು: "ಅಯ್ಯೋ, ಹಾಗಾದ್ರೆ ಇಷ್ಟು ವರ್ಷ ಮ್ಯೂಸಿಯಮ್ಮಲ್ಲಿ ಇದ್ದದ್ದು ನಾನಾ!"

ಮ್ಯೂಸಿಯಮ್ಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಕಾವಲುಗಾರ ನಕ್ಕ, ನನಗೆ ನಾಚಿಕೆಯಾಯಿತು… ರಾಜರ ಕತ್ತಿಗಳು, ನಾಣ್ಯಗಳು, ಮೂಗು ಮುರಿದ ದೇವರುಗಳು, ಎಲ್ಲ ದಾಟಿ ಕಂಚಿನ ಕೋಣೆಯಲ್ಲಿ ತಟ್ಟನೆ ನಿಂತರು. ಗಾಜಿನೊಳಗೆ, ಆನೆಯ ಮೇಲೆ, ಅವನೇ.

"ಕಪ್ಪಾಗಿದ್ದಾನೆ ನೋಡು. ಯಾರೂ ತಿಕ್ಕಲಿಲ್ಲ."

ಕೆಳಗಿನ ಚೀಟಿಯಲ್ಲಿ ಇಂದ್ರ ಎಂದು ಬರೆದಿತ್ತು.

ಅಲ್ಲಿನ ಅಧಿಕಾರಿ ಕೆಟ್ಟ ಮನುಷ್ಯರಲ್ಲ. ರಸೀದಿ ನೋಡಿದರು, ಚೀಟಿ ನೋಡಿದರು, ಇಂಗ್ಲಿಷಿನಲ್ಲಿ ನನಗೆ ಹೇಳಿದರು: "ನಿಮ್ಮ ಅರ್ಜಿಯಲ್ಲಿ ಮಾತ್ರ ಹೆಸರು ಬೇರೆ. ಇಂದ್ರ ಎಂದು ತಿದ್ದಿ ಇವರ ಸಹಿ ಹಾಕಿಸಿ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ."

ಇಂದ್ರರಿಗೆ ಇಂಗ್ಲಿಷ್ ಬಾರದು. ಆ ಮಾತನ್ನು ಅವರಿಗೆ ದಾಟಿಸುವುದಷ್ಟೇ ನನ್ನ ಕೆಲಸವಾಗಿತ್ತು. ದಾಟಿಸಲಿಲ್ಲ. ಎದುರಿನವರ ತಪ್ಪು ಕಣ್ಣೆದುರೇ ಇರುವಾಗ, ಅದನ್ನು ಒಪ್ಪಿಕೊಂಡು ಗೆಲ್ಲುವುದು ನನಗೆ ಸೋಲಾಗಿ ಕಂಡಿತು. ಅರ್ಧ ಗಂಟೆ ವಾದಿಸಿದೆ. ಆನೆ ಏರಿದ ಮಾತ್ರಕ್ಕೆ ಇಂದ್ರನಾಗುವುದಾದರೆ ಮಾವುತನೂ ಇಂದ್ರನೇ! ವಜ್ರಾಯುಧ ಎಲ್ಲಿ? ಧರ್ಮಚಕ್ರ ಯಾಕೆ? ಅವರು ಪುಸ್ತಕ ತೆಗೆದರು, ಭೂತಗನ್ನಡಿ ತಂದರು, ಕೊನೆಗೆ ಚೀಟಿಯನ್ನು ಕೈಯಾರೆ ಹೊರತೆಗೆದರು.

"ನೀವು ಹೇಳಿದ್ದು ಸರಿ. ಇದು ಇಂದ್ರ ಅಲ್ಲ." ರಸೀದಿಯನ್ನು ಮಡಚಿ ನನ್ನ ಕೈಗಿಟ್ಟರು. "ಆದ್ದರಿಂದ ಈ ರಸೀದಿ ಇದರದ್ದಲ್ಲ."

ಗುಮಾಸ್ತನ ತಪ್ಪನ್ನು ವಿವರಿಸಿದೆ. ಪುರಾವೆ ಏನು ಎಂದರು. ಅರ್ಧ ಗಂಟೆಯಿಂದ ಅವರಿಗೆ ನಾನು ಕೇಳುತ್ತಿದ್ದ ಪ್ರಶ್ನೆಯೇ. ಇನ್ನು ಇಂದ್ರ ಎಂದೇ ಬರೆದುಕೊಡುತ್ತೇವೆ ಅನ್ನಲು ಬಾಯಿ ಎಲ್ಲಿಂದ ತರುವುದು?

ಮೆಟ್ಟಿಲಿಳಿಯುವಾಗ ಇಂದ್ರರು ಕೇಳಿದರು: "ಎಂತ ಹೇಳಿದ್ರು ಮಗಾ? ಚೀಟಿ ತೆಗೆದ್ರಲ್ಲ!"

"ಹೆಸರು ತಪ್ಪು ಅಂತ ಒಪ್ಪಿದ್ರು."

"ಹಾಗಾದ್ರೆ ಗೆದ್ದೆವು. ಯಾವಾಗ ಕಳಿಸ್ತಾರಂತೆ?"

"ಬರೀತಾರಂತೆ," ಎಂದೆ.

ಐದು ವರ್ಷ ಅವರು ಅಂಚೆಯವನ ದಾರಿ ನೋಡಿದರು. ನಾನು ಬಸದಿಯ ದಾರಿಯನ್ನೇ ಬಿಟ್ಟೆ… ಕಳೆದ ವರ್ಷ ಇಂದ್ರರು ತೀರಿಕೊಂಡರು. ಊರವರು ಮ್ಯೂಸಿಯಮ್ಮನ್ನು ಬೈಯುವಾಗ ಇಷ್ಟು ದಿನ ನಾನೂ ತಲೆಯಾಡಿಸಿದ್ದೇನೆ. ಯಕ್ಷ ಇನ್ನು ಬರುವುದಿಲ್ಲ, ಕೇಳುವವರೇ ಇಲ್ಲ. ನನ್ನ ಪರವಾಗಿ ಒಂದೇ ವಾದ ಉಳಿದಿದೆ: ದೇವರಿಗೆ ಸುಳ್ಳು ಹೆಸರು ಬರೆಯಲು ಇಂದ್ರರು ಹೇಗೂ ಒಪ್ಪುತ್ತಿರಲಿಲ್ಲ ಎಂಬುದು. ಅದಕ್ಕೆ ಸಾಕ್ಷಿ ನುಡಿಯಬಲ್ಲವರು ಅವರೊಬ್ಬರೇ.

ಹೇಳಿ ಇಂದ್ರರೇ, ಅವತ್ತು ನಾನು ಆ ಮಾತನ್ನು ನಿಮಗೆ ದಾಟಿಸಿದ್ದರೆ, ನೀವು ಸಹಿ ಹಾಕುತ್ತಿದ್ದಿರಾ?