ಷಡ್ಡಕರ ಕಪ್ಪು ನೀರು

ಪಕ್ಕದವರ ಹೊಲ ಕಂಡು, ಹೊಸ ಸೈಕಲ್ಲು ಕಂಡು ಹೊಟ್ಟೆ ಉರಿದುಕೊಳ್ಳುವವರನ್ನು ನೀವು ನೋಡಿರುತ್ತೀರಿ. ನನ್ನ ಹೊಟ್ಟೆ ಉರಿದದ್ದು ನೀರು ಕಂಡು. ಅದೂ ಎರಡು ಕೊಡ ಹಳ್ಳದ ನೀರು.

ನನ್ನ ಷಡ್ಡಕ ಶಂಕರಪ್ಪನವರು, ಅಂದರೆ ನನ್ನ ಹೆಂಡತಿಯ ಅಕ್ಕನ ಯಜಮಾನರು, ಸೊರಬದ ಕಡೆ ಉಳವಿಯಲ್ಲಿದ್ದರು. ಮೀನು ತಿನ್ನದ ಮನೆಯಲ್ಲಿ ಮೀನು ಸಾಕಿದ್ದರು. ಜಗಲಿಯ ಮೇಲೆ ಗಾಜಿನ ತೊಟ್ಟಿ, ಅದರ ತುಂಬ ಹಳ್ಳದ ಮಡುವಿನಿಂದ ಹೊತ್ತು ತಂದ ನೀರು. ಮರಗಳ ನೆರಳಿನ ಆ ಮಡುವಿನಲ್ಲಿ ಎಲೆ ಬಿದ್ದು, ನೆನೆದು, ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ಊರವರು ಅದನ್ನು ಕಪ್ಪು ನೀರು ಅನ್ನುತ್ತಿದ್ದರು. ಆ ಮಬ್ಬಿನೊಳಗಿಂದ ಕೆಂಪು ಬಾಲದ ಮೀನೊಂದು ನಿಧಾನಕ್ಕೆ ಬಂದು ಮುಖ ತೋರಿಸಿ ಮರೆಯಾಗುತ್ತಿತ್ತು. ಚೆಂದವಿತ್ತು. ನನಗೆ ತಡೆಯಲಾಗದ್ದೂ ಅದೇ.

ಶಿಕಾರಿಪುರದ ನಮ್ಮ ಮನೆಯಲ್ಲೂ ಒಂದು ತೊಟ್ಟಿಯಿತ್ತು, ಬಾವಿ ನೀರಿನದು. "ಭಾವನೋರ ತೊಟ್ಟಿ ಮುಂದೆ ನಮ್ಮದು ಬಚ್ಚಲ ಹಂಡೆ ಕಣ್ರೀ" ಅಂದಳು ಹೆಂಡತಿ. ಮದುವೆಯಾದಾಗಿನಿಂದ ಭಾವನೋರ ಅಕ್ಷರ, ಭಾವನೋರ ರುಮಾಲು, ಭಾವನೋರು ಹಲಸಿನ ಹಣ್ಣು ಬಿಡಿಸುವ ರೀತಿ ಎಲ್ಲವನ್ನೂ ಕೇಳಿ ಕಿವಿ ತೂತಾಗಿತ್ತು. "ನಮ್ಮದೇ ಚೆಂದ" ಎಂದು ಒಂದೇ ಒಂದು ಸಲ ಇವಳ ಬಾಯಲ್ಲಿ ಹೇಳಿಸಲೇಬೇಕು ಅಂತ ಹಟ ಹಿಡಿದೆ.

ಮೊದಲು ಮಾಡಿದ್ದು ಚೊಗರಿನ ಪ್ರಯೋಗ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಆ ಕೆಂಪು ನೀರು ನಮ್ಮ ಕಡೆ ಯಾರನ್ನು ಕೇಳಿದರೂ ಸಿಗುತ್ತದೆ. ಒಂದು ಚೆಂಬು ಸುರಿದೆ. ಬಣ್ಣವೇನೋ ಬಂತು, ಜೊತೆಗೆ ಮೀನುಗಳೂ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. "ಅವೇನು ಎಲೆ ಅಡಿಕೆ ಹಾಕ್ತಾವೇನ್ರೀ?" ಎಂದು ಕೂಗುತ್ತಾ ಹೆಂಡತಿಯೇ ಅವನ್ನು ಕೊಡಕ್ಕೆ ಸಾಗಿಸಿ ಬದುಕಿಸಿದಳು.

ಷಡ್ಡಕರಲ್ಲಿ ಇಲ್ಲದ್ದು ನಮ್ಮಲ್ಲಿ ಒಂದಿತ್ತು, ಕರೆಂಟು. ಉಳವಿಯ ಅವರ ಮನೆಯಲ್ಲಿ ಇನ್ನೂ ಲಾಟೀನು. ನೀರನ್ನು ಮುಟ್ಟುವ ಬದಲು ಬೆಳಕಿಗೇ ಬಣ್ಣ ಕಟ್ಟಿದರೆ? ಶಿರಾಳಕೊಪ್ಪದಲ್ಲಿ ಬೀಡುಬಿಟ್ಟಿದ್ದ ನಾಟಕದ ಕಂಪನಿಯ ದೀಪದವನನ್ನು ಕಾಡಿ ಬೇಡಿ ಬಣ್ಣದ ಕಾಗದ ತಂದೆ. ಹಳದಿ ಒಂದೇ ಕಟ್ಟಿದರೆ ತೊಟ್ಟಿಯಲ್ಲಿ ಅರಿಶಿನದ ನೀರು. ಕೆಂಪು ಒಂದೇ ಕಟ್ಟಿದರೆ ಮೀನುಗಳಿಗೆ ಆರತಿ ಎತ್ತಿದ ಹಾಗೆ. ಎರಡನ್ನೂ ಒಂದರ ಮೇಲೊಂದು ಇಳಿಬಿಟ್ಟು, ಹಿಂದೆ ಕರಿ ಕಂಬಳಿ ಕಟ್ಟಿ, ಬಲ್ಬನ್ನು ನಡುವಿನಿಂದ ಮೂಲೆಗೆ ಸರಿಸಿದೆ ನೋಡಿ, ಮಡುವೇ ಮನೆಗೆ ಬಂತು! ಬೆಳಕು ತಲುಪದ ಜಾಗ ಒಂದಿಷ್ಟು ಉಳಿಸಿದರೇ ನೀರಿಗೆ ಆಳ ಬರುವುದು.

ಹೆಂಡತಿ ಬಂದು ಸುಮಾರು ಹೊತ್ತು ನೋಡಿದಳು. "ಪರವಾಗಿಲ್ರೀ, ಥೇಟ್ ಭಾವನೋರದ್ದೇ" ಅಂದಳು. ಕಷ್ಟಪಟ್ಟವನು ನಾನು, ಹೊಗಳಿಕೆ ಅವರಿಗೆ!

ಆಮೇಲೆ ಷಡ್ಡಕರು ಬಂದರು. ತೊಟ್ಟಿಯ ಮುಂದೆ ನಿಂತರು. ಕೊಟ್ಟ ಕಾಫಿ ಅರ್ಧಕ್ಕೇ ಬಿಟ್ಟು ಹೊರಟರು. ಆ ಅರ್ಧ ಲೋಟ ಕಾಫಿ ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮುಂದಿನ ಸಲ ನಾವು ಉಳವಿಗೆ ಹೋದಾಗ ಅವರ ತೊಟ್ಟಿ ಕಿಟಕಿಯ ಪಕ್ಕಕ್ಕೆ ಬಂದಿತ್ತು. ಕಿಟಕಿಗೆ ಹಳದಿ, ಕೆಂಪು ಕಾಗದ. ತೊಟ್ಟಿಯಲ್ಲಿ ತಿಳಿಯಾದ ಬಾವಿ ನೀರು!

"ಮಡುವಿನ ನೀರು ಏನಾಯ್ತು ಭಾವ?" ಅಂದೆ.

"ಹಿತ್ತಲ ಹಂಡೇಲಿ ಬಿದ್ದಿದೆ. ನಿಮ್ಮನೆ ಬೆಳಕು ನೋಡಿದ ಮೇಲೆ ಅದು ಸಪ್ಪೆ ಅನ್ನಿಸ್ತು ಮಾರಾಯ್ರೇ" ಅಂದರು, ಮುಖ ಆ ಕಡೆ ತಿರುಗಿಸಿ.

ನಾನು ಎದೆ ಉಬ್ಬಿಸುವಷ್ಟರಲ್ಲೇ ಹೆಂಡತಿ, "ಅಬ್ಬಾ, ಬಲ್ಬೇ ಇಲ್ಲದೆ ಭಾವನೋರು ಹೇಗೆ ಮಾಡಿದಾರೆ ನೋಡ್ರೀ!" ಅಂದಳು.

ಹಂಡೆಯ ನೀರನ್ನು ಹಾಲಿನ ಕ್ಯಾನಿಗೆ ಬಗ್ಗಿಸಿಕೊಂಡು, ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಶಿಕಾರಿಪುರಕ್ಕೆ ತಂದೆ. ಕಂಡಕ್ಟರು ಮೂಸಿ ನೋಡಿ, "ಯಾರಿಗೆ ಸ್ವಾಮಿ ಇಷ್ಟು ಕಷಾಯ?" ಅಂದ. ಮನೆಗೆ ಬಂದವನೇ ತೊಟ್ಟಿಗೆ ಸುರಿದೆ. ಬಲ್ಬು ಬೇಡ, ಕಾಗದ ಬೇಡ, ಅಸಲಿ ಮಾಲು. ಹೆಂಡತಿಯನ್ನು ಕೂಗಿ ಕರೆದೆ.

ಅವಳು ಬಗ್ಗಿ ನೋಡಿದಳು. "ಭಾವನೋರು ಬೇಡಾಂತ ಬಿಟ್ಟ ನೀರಲ್ವೇನ್ರೀ ಇದು?" ಅಂದು ಒಳಗೆ ಹೋದಳು.

ಮೀನುಗಳು ಮಾತ್ರ ಯಾರ ನೀರು ಎಂದು ಕೇಳದೆ ಆರಾಮಾಗಿ ಕತ್ತಲೆಯೊಳಕ್ಕೆ ಈಜಿ ಹೋದವು. ಪುಣ್ಯ ಮಾಡಿದ್ದವು, ಅವಕ್ಕೆ ಷಡ್ಡಕರಿಲ್ಲ.